ಐದು ಜನ, ಒಂದೇ ಪ್ರತಿ

ನಿಮ್ಮದು ಐದು ಜನರ ಕನ್ನಡ ಮಾಸಪತ್ರಿಕೆ. ಲೇಖನಗಳು ವಾಟ್ಸಾಪ್‌ನಲ್ಲಿ ಓಡಾಡಿ, ಕೊನೆಗೆ ಯಾವುದು ತಿದ್ದಿದ ಪ್ರತಿ ಅಂತಲೇ ಗೊತ್ತಾಗುವುದಿಲ್ಲ, ಇದಕ್ಕೆ ತಂತ್ರಜ್ಞಾನದಲ್ಲಿ ದಾರಿ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ನಾನೂ ಕನ್ನಡ ಪುಸ್ತಕಗಳ ಕರಡು ತಿದ್ದುವ ತಂಡದಲ್ಲಿದ್ದೇನೆ. ಹೊಸ ಆಪ್ ಹುಡುಕುವ ಮೊದಲು ಒಂದು ವಿಷಯ ನೋಡಿ: ನಿಮ್ಮ ಲೇಖನಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರು, ಮೊಬೈಲುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತದಲ್ಲಿ ಇವೆಯಾ?

ನಮ್ಮ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ) ಕೆಲಸ ಬಹಳ ಕಾಲ ಆಸ್ಕಿ ಫಾಂಟುಗಳಲ್ಲೇ ನಡೆದಿದೆ. ಅಲ್ಲಿ ಕಡತದ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಕನ್ನಡವಾಗಿ ತೋರಿಸುವುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ತಲೆಬುಡ ಇಲ್ಲದ ಅಕ್ಷರಗಳು ಕಾಣುತ್ತವೆ. ಹಲವರು ಒಂದೇ ಕಡತವನ್ನು ಇಂಟರ್ನೆಟ್‌ನಲ್ಲಿ ತಿದ್ದಬಹುದಾದ ಗೂಗಲ್ ಡಾಕ್ಸ್‌ಗೆ ಹಾಕಿದರೂ ಅದೇ ಕಥೆ. ಹೀಗಿರುವಾಗ ಐದು ಜನ ಒಟ್ಟಿಗೆ ತಿದ್ದುವುದಾದರೂ ಹೇಗೆ ಅಲ್ವಾ? ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ, ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ‘ನುಡಿ’, ‘ಬರಹ’ ಎರಡರಲ್ಲೂ ಯೂನಿಕೋಡ್‌ನಲ್ಲಿ ಬರೆಯಬಹುದು, ಹಳೆಯ ಕಡತಗಳನ್ನು ಬದಲಾಯಿಸಿಕೊಳ್ಳಬಹುದು. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ.

ಆಮೇಲೆ ಲೇಖನವನ್ನು ಗೂಗಲ್ ಡಾಕ್ಸ್‌ಗೆ ಹಾಕಿ, ಕಡತ ಕಳಿಸುವುದನ್ನು ನಿಲ್ಲಿಸಿ, ಅದರ ಲಿಂಕ್ ಕಳಿಸಿ. ಕಡತ ಕಳಿಸಿದಾಗಲೆಲ್ಲ ಇನ್ನೊಂದು ಪ್ರತಿ ಹುಟ್ಟುತ್ತದೆ. ಲಿಂಕ್ ಎಷ್ಟು ಜನರಿಗೆ ಹೋದರೂ ಪ್ರತಿ ಒಂದೇ. ಕರಡು ತಿದ್ದುವವರಿಗೆ ಸಲಹೆ ಕೊಡುವ ಅನುಮತಿ ಮಾತ್ರ ಇರಲಿ. ಆಗ ಅವರು ಏನು ಬದಲಿಸಿದರು ಅನ್ನುವುದು ಬಣ್ಣದಲ್ಲಿ ಕಾಣುತ್ತದೆ, ಒಪ್ಪುವುದು ಬಿಡುವುದು ಸಂಪಾದಕರಿಗೆ ಬಿಟ್ಟದ್ದು. ಯಾರಾದರೂ ಒಂದು ಪ್ಯಾರಾ ಅಳಿಸಿಬಿಟ್ಟರೂ ಹಳೆಯ ಆವೃತ್ತಿಗಳಿಂದ ವಾಪಸ್ ತರಬಹುದು.

ಒಂದು ವಾಕ್ಯದ ಬಗ್ಗೆ ಚರ್ಚೆ ಇದ್ದರೆ ಆ ವಾಕ್ಯದ ಪಕ್ಕದಲ್ಲೇ ಕಾಮೆಂಟ್ ಹಾಕಿ. ವಾಟ್ಸಾಪ್‌ನಲ್ಲಿ ಮಾಡಿದ ಚರ್ಚೆ ಗುಡ್ ಮಾರ್ನಿಂಗ್ ಸಂದೇಶಗಳ ಅಡಿಯಲ್ಲಿ ಹೂತುಹೋಗುತ್ತದೆ.

ಹೀಗೆ ದೂರದಲ್ಲಿದ್ದೂ ಒಟ್ಟಿಗೆ ಕೆಲಸ ಮಾಡುವುದು ನಿನ್ನೆ ಮೊನ್ನೆಯ ಕನಸಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್, ಇನ್ನೊಂದು ಊರಾದ ಮೆನ್ಲೋ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಪರದೆಯನ್ನು ಹಂಚಿಕೊಂಡು ಕೆಲಸ ಮಾಡಿ ತೋರಿಸಿದ್ದರು. ಜನ ಸೇರಿ ಯೋಚಿಸಲು ಕಂಪ್ಯೂಟರ್ ನೆರವಾಗಬೇಕು ಅನ್ನುವುದು ಅವರ ಹಂಬಲ. ನನಗೆ ಅದು ಇಂದಿಗೂ ತುಂಬಾ ಇಷ್ಟವಾದ ವಿಚಾರ.

ಪುಟ ಕಟ್ಟುವವರನ್ನು ಮಾತ್ರ ಮರೆಯಬೇಡಿ. ಅವರು ಇನ್ನೂ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಬಳಸುತ್ತಿದ್ದರೆ ಅದರಲ್ಲಿ ಯೂನಿಕೋಡ್ ಕನ್ನಡ ನಡೆಯುವುದಿಲ್ಲ. ಅದೇ ಕೆಲಸದ ಹೊಸ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಅನ್ನುವ ಆಯ್ಕೆಯನ್ನು ಆರಿಸಿಕೊಂಡರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಲೇಖನ ಪುಟಕ್ಕೆ ಹೋದ ಮೇಲೆ ಡಾಕ್ಸ್‌ನಲ್ಲಿ ಯಾರೂ ತಿದ್ದುವುದು ಬೇಡ, ಉಳಿದ ತಿದ್ದುಪಡಿಗಳನ್ನೆಲ್ಲ ಪಿಡಿಎಫ್ ಮೇಲೇ ಗುರುತು ಹಾಕಿ.