ನಿಕ್ ಡ್ರೇಕ್ ಅವರ ‘ಪಿಂಕ್ ಮೂನ್’ ಮತ್ತು ವಿಮರ್ಶಕರು

ಇಂಗ್ಲಿಷ್ ಗಾಯಕ, ಗೀತರಚನೆಕಾರ ನಿಕ್ ಡ್ರೇಕ್ ಅವರ ಆಲ್ಬಮ್ ‘ಪಿಂಕ್ ಮೂನ್’ 1972ರಲ್ಲಿ ಬಂದಾಗ ಯಾರೂ ಗಮನಿಸಲಿಲ್ಲ, ಕಾರಿನ ಜಾಹೀರಾತಿನಲ್ಲಿ ಬಳಕೆಯಾದ ಮೇಲಷ್ಟೇ ವಿಮರ್ಶಕರು ಹೊಗಳತೊಡಗಿದರು ಎಂಬುದು ನಿಜವೇ ಎಂದು ಕೇಳಿದ್ದೀರಿ. ಮೊದಲ ಮಾತು ಬಹುಮಟ್ಟಿಗೆ ನಿಜ; ಎರಡನೆಯದನ್ನು ನಾನು ಒಪ್ಪಲಾರೆ.

ಹಿಂದಿನ ‘ಬ್ರೈಟರ್ ಲೇಟರ್’ ಆಲ್ಬಮ್‌ನಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ಬ್ರಿಟಿಷ್ ಫೋಕ್-ರಾಕ್ ತಂಡದ ವಾದಕರನ್ನು ಜೊತೆಗಿರಿಸಿಕೊಂಡಿದ್ದ ಡ್ರೇಕ್, 1971ರ ಅಕ್ಟೋಬರ್‌ನಲ್ಲಿ ಅದೆಲ್ಲವನ್ನೂ ಬಿಟ್ಟು, ಧ್ವನಿಮುದ್ರಣಕ್ಕೆ ತಂತ್ರಜ್ಞ ಜಾನ್ ವುಡ್ ಅವರೊಬ್ಬರನ್ನೇ ಕರೆದುಕೊಂಡು, ತಮ್ಮ ಕಂಠವನ್ನೂ ಗಿಟಾರನ್ನೂ ನಂಬಿ ಹಾಡಿದರು. ಶೀರ್ಷಿಕೆ ಗೀತೆಯಲ್ಲಿ ಮಾತ್ರ ಒಂದಿಷ್ಟು ಪಿಯಾನೊ ಇದೆ. ಅರ್ಧ ಗಂಟೆಯೂ ಇಲ್ಲದ ಈ ಆಲ್ಬಮ್‌ಗೆ ಬಂದ ವಿಮರ್ಶೆಗಳು ಕೆಲವೇ. ಕಛೇರಿ ನೀಡಲು ಹಿಂಜರಿಯುತ್ತಿದ್ದ, ಸಂದರ್ಶನಗಳಿಂದ ದೂರವಿದ್ದ ಗಾಯಕನ ಕಡೆಗೆ ಪತ್ರಿಕೆಗಳ ಗಮನ ಹೋದದ್ದೂ ಕಡಿಮೆ.

ಆದರೆ 1974ರಲ್ಲಿ, 26ನೇ ವಯಸ್ಸಿನಲ್ಲಿ ಅವರು ತೀರಿಕೊಂಡ ಬಳಿಕ, 1979ರಲ್ಲೇ ಅವರ ಆಲ್ಬಮ್‌ಗಳು ‘ಫ್ರೂಟ್ ಟ್ರೀ’ ಎಂಬ ಸಂಪುಟವಾಗಿ ಮತ್ತೆ ಹೊರಬಂದವು. 1980ರ ದಶಕದಲ್ಲಿ ಹೊಸ ತಲೆಮಾರಿನ ಸಂಗೀತಗಾರರು ಅವರ ಹೆಸರನ್ನು ಗೌರವದಿಂದ ಹೇಳುತ್ತಿದ್ದರು. ಫೋಕ್ಸ್‌ವ್ಯಾಗನ್ ಜಾಹೀರಾತು ಬಂದದ್ದು 1999ರಲ್ಲಿ. ಅದು ಮಾರಾಟವನ್ನು ಹೆಚ್ಚಿಸಿತು, ಮೆಚ್ಚುಗೆಯನ್ನು ಹುಟ್ಟಿಸಲಿಲ್ಲ.

ನನ್ನ ತಕರಾರು ಬೇರೆಯದು. ನಂತರದ ಹಲವು ವಿಮರ್ಶೆಗಳು ಇಡೀ ಆಲ್ಬಮ್ಮನ್ನು ಸಾವಿನ ಮುನ್ಸೂಚನೆಯೆಂದೇ ಓದುತ್ತವೆ. ಕೊನೆಯ ಹಾಡು ‘ಫ್ರಮ್ ದ ಮಾರ್ನಿಂಗ್’ ಬೆಳಗಿನ ಚೆಲುವನ್ನು ಕುರಿತದ್ದು. ಅದನ್ನು ಬದಿಗಿಟ್ಟು ವಿಷಾದವನ್ನಷ್ಟೇ ಎತ್ತಿ ಹಿಡಿಯುವುದು ಕೃತಿಗೆ ಮಾಡುವ ಅನ್ಯಾಯ.