ಪಿಎಚ್.ಡಿ.ಗೆ ಸೇರುವಾಗ ಮೊದಲು ಏನನ್ನು ನೋಡಬೇಕು?

ಪ್ರಶ್ನೆ: ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ, ಪಿಎಚ್.ಡಿ. ಮಾಡುವ ಆಸೆಯಿದೆ. ಡಿಎನ್‌ಎಯನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್‌ನಂತಹ ಹೊಸ ತಂತ್ರದಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಮುಂದೆ ಅವಕಾಶವೆಂದು ಸ್ನೇಹಿತರು ಹೇಳುತ್ತಾರೆ. ಸಂಸ್ಥೆಯ ಹೆಸರು ನೋಡಿ ಸೇರಬೇಕೇ, ವಿಷಯ ನೋಡಿ ಸೇರಬೇಕೇ? ಗಣಿತದಲ್ಲಿ ನಾನು ಹಿಂದೆ, ಅದು ತೊಡಕಾಗುವುದೇ?

ಉತ್ತರ: ತಂತ್ರವನ್ನು ನೆಚ್ಚಿ ವಿಷಯ ಆರಿಸಬೇಡಿ. ಕ್ರಿಸ್ಪರ್‌ನ ಚರಿತ್ರೆಯೇ ಇದಕ್ಕೆ ಆಧಾರ. 1987ರಲ್ಲಿ ಜಪಾನಿನ ಸಂಶೋಧಕರು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಮರುಕಳಿಸುವ ವಿಚಿತ್ರ ಸರಣಿಯೊಂದನ್ನು ಗಮನಿಸಿದಾಗ ಅದರ ಉಪಯೋಗ ಯಾರಿಗೂ ತಿಳಿದಿರಲಿಲ್ಲ. ಆ ಸರಣಿ ಏಕಿದೆ, ಬ್ಯಾಕ್ಟೀರಿಯಾಗಳು ವೈರಸ್‌ಗಳನ್ನು ಹೇಗೆ ಎದುರಿಸುತ್ತವೆ ಎಂಬ ಪ್ರಶ್ನೆಗಳ ಬೆನ್ನು ಹತ್ತಿದವರಿಂದ ಅದರ ಅರ್ಥ ಬಿಡಿಸಿಕೊಂಡಿತು: ಅದು ವೈರಸ್‌ಗಳ ವಿರುದ್ಧ ಬ್ಯಾಕ್ಟೀರಿಯಾದ ರಕ್ಷಣೆಯ ಭಾಗ. ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನ್ನಿಫರ್ ಡೌಡ್ನಾ 2012ರಲ್ಲಿ ಅದನ್ನು ಡಿಎನ್‌ಎ ಕತ್ತರಿಸುವ ಸಾಧನವಾಗಿ ರೂಪಿಸಿ, 2020ರಲ್ಲಿ ನೊಬೆಲ್ ಪಡೆದರು. ತಂತ್ರಗಳನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ವರ್ಷಗಟ್ಟಲೆ ಬೇಸರವಿಲ್ಲದೆ ಬೆನ್ನು ಹತ್ತಬಲ್ಲ ಪ್ರಶ್ನೆಯನ್ನು ಮಾತ್ರ ನೀವೇ ಕಂಡುಕೊಳ್ಳಬೇಕು.

ಇನ್ನು ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರು ಯಾರೆಂಬುದು ಹೆಚ್ಚು ಮುಖ್ಯವೆಂದು ನಾನು ದೃಢವಾಗಿ ನಂಬುತ್ತೇನೆ. ಅವರ ಈಚಿನ ಲೇಖನಗಳನ್ನು ಓದಿ, ಮೊದಲ ಲೇಖಕರ ಸ್ಥಾನದಲ್ಲಿ ವಿದ್ಯಾರ್ಥಿಗಳ ಹೆಸರಿದೆಯೇ ಎಂದು ನೋಡಿ. ಅಲ್ಲಿ ಈಗ ದುಡಿಯುತ್ತಿರುವವರನ್ನೂ, ಸಾಧ್ಯವಾದರೆ ನಡುವೆ ಬಿಟ್ಟುಹೋದವರನ್ನೂ ಮಾತನಾಡಿಸಿ: ಪ್ರಬಂಧ ಸಲ್ಲಿಸಲು ಸಾಮಾನ್ಯವಾಗಿ ಎಷ್ಟು ವರ್ಷ ಹಿಡಿಯುತ್ತದೆ, ಪ್ರಯೋಗ ಕೈಕೊಟ್ಟಾಗ ಮಾರ್ಗದರ್ಶಕರು ಹೇಗೆ ನಡೆದುಕೊಳ್ಳುತ್ತಾರೆ, ಫೆಲೋಶಿಪ್ ನಿಂತ ಮೇಲೆ ಹಣದ ಏರ್ಪಾಡೇನು ಎಂದು ಸಂಕೋಚವಿಲ್ಲದೆ ಕೇಳಿ. ಸ್ನಾತಕೋತ್ತರ ಪದವಿಯ ನಂತರ ಸೇರುವ ಯುರೋಪಿನ ಅನೇಕ ಕಡೆಗಳಲ್ಲಿ ಮೂರು-ನಾಲ್ಕು ವರ್ಷ, ತರಗತಿಗಳೂ ಸೇರಿರುವ ಅಮೆರಿಕದಲ್ಲಿ ಐದಾರು ವರ್ಷ ಬೇಕಾಗುವುದು ಸಾಮಾನ್ಯ. ಈ ಅವಧಿಯಲ್ಲಿ ಪ್ರಯೋಗಗಳು ಕೆಡುವುದು ಅಪರೂಪವೇನಲ್ಲ. ಉದಾಹರಣೆಗೆ, ಜೀವಕೋಶಗಳನ್ನು ಬೆಳೆಸುವ ಫ್ಲಾಸ್ಕಿಗೆ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಹೊಕ್ಕರೆ ದ್ರವ ಕದಡುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಅದು ಕಾಣುವುದಿಲ್ಲ. ಪ್ರತ್ಯೇಕವಾಗಿ ಪರೀಕ್ಷಿಸದಿದ್ದರೆ ತಿಂಗಳುಗಳ ಫಲಿತಾಂಶವನ್ನೇ ಕೈಬಿಡಬೇಕಾಗುತ್ತದೆ. ಅಂತಹ ಸಂದರ್ಭದಲ್ಲಿ ವಿದ್ಯಾರ್ಥಿಯನ್ನು ಗದರಿಸದೆ ಕಾರಣವನ್ನು ಜೊತೆಗೆ ಕುಳಿತು ಹುಡುಕುವ ಮಾರ್ಗದರ್ಶಕರು ಸಿಕ್ಕುವುದು ದೊಡ್ಡ ಭಾಗ್ಯ.

ಗಣಿತದ ಬಗ್ಗೆ ಅಂಜಿಕೆ ಬೇಡ, ಆದರೆ ಸಂಖ್ಯಾಶಾಸ್ತ್ರವನ್ನು ಮುಂದೂಡಲೂಬೇಡಿ. ಎಷ್ಟು ಮಾದರಿಗಳು ಬೇಕು, ಹೋಲಿಕೆಗೆ ಯಾವ ಕಂಟ್ರೋಲ್ (ಪ್ರಯೋಗದ ಬದಲಾವಣೆಗೆ ಒಳಪಡಿಸದ ಮಾದರಿ) ಇರಬೇಕು ಎಂಬುದು ಪ್ರಯೋಗ ಆರಂಭವಾಗುವ ಮೊದಲೇ ತೀರ್ಮಾನವಾಗಬೇಕಾದ ವಿಷಯ; ಅಂಕಿಅಂಶ ಕೈಸೇರಿದ ಮೇಲೆ ಆ ಕೊರತೆಯನ್ನು ತುಂಬಲಾಗದು. ಜೀನೋಮ್, ಅಂದರೆ ಜೀವಿಯೊಂದರ ಸಮಗ್ರ ಡಿಎನ್‌ಎಯ ದತ್ತಾಂಶ ಕೈಯಿಂದ ಲೆಕ್ಕ ಹಾಕುವ ಪ್ರಮಾಣದ್ದಲ್ಲವಾದ್ದರಿಂದ ಆರ್ (R) ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದನ್ನಾದರೂ ಈಗಿನಿಂದಲೇ ರೂಢಿಸಿಕೊಳ್ಳಿ.

ಸದ್ಯಕ್ಕೆ, ನಿಮಗೆ ಹಿಡಿಸಿದ ಎರಡು-ಮೂರು ಪ್ರಯೋಗಾಲಯಗಳನ್ನು ಗುರುತಿಸಿ, ಅವರ ಒಂದು ಲೇಖನದಲ್ಲಿ ನಿಮಗೆ ಉತ್ತರ ದೊರೆಯದ ಪ್ರಶ್ನೆಯನ್ನು ಉಲ್ಲೇಖಿಸಿ ಚಿಕ್ಕದೊಂದು ಪತ್ರ ಬರೆಯಿರಿ. ಪ್ರವೇಶಕ್ಕೆ ಮುನ್ನ ಕೆಲವು ತಿಂಗಳು ಅಲ್ಲಿ ಸಹಾಯಕರಾಗಿ ಕೆಲಸ ಮಾಡಲು ಅವಕಾಶವಿದೆಯೇ ಎಂದು ಅದೇ ಪತ್ರದಲ್ಲಿ ಕೇಳಿ.