ನೂಲಿನಲ್ಲಿ ಅಳೆದ ಗಡ್ಡೆ

ಆಪ್ತ ಸಲಹೆಗಾರ್ತಿಯಾಗಿ ನಾನು ನೋಡಿದ ಈ ಪ್ರಕರಣವನ್ನು ಬರೆಯಲು ರಾಯರು ಒಪ್ಪಿಗೆ ಕೊಟ್ಟಿದ್ದಾರೆ. ತಮ್ಮ ಹೆಸರು, ಊರು, ಕೆಲಸ ಮಾಡಿದ ಶಾಖೆ ಎಲ್ಲವನ್ನೂ ಬದಲಿಸಿಕೊಳ್ಳಿ ಎಂದವರು, ನಾಯಿಯ ಹೆಸರನ್ನೂ ಬದಲಿಸಬೇಕಾಗುತ್ತದೆ ಎಂದಾಗ ಮಾತ್ರ ಸಪ್ಪಗಾದರು. ಇಲ್ಲಿ ಅದನ್ನು ಟಾಮಿ ಎಂದು ಕರೆದಿದ್ದೇನೆ. ಕರಾವಳಿಯ ಅರ್ಧಕ್ಕರ್ಧ ನಾಯಿಗಳಿಗೆ ಅದೇ ಹೆಸರು, ಯಾರಿಗೂ ಗುರುತು ಸಿಗಲಾರದು. ನಾವು ಮಾತನಾಡಿದ್ದು ಬಹುಪಾಲು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಮಾತಿನ ಚೂಪು ಸ್ವಲ್ಪ ಮೊಂಡಾಗಿರಬಹುದು.

ಜುಲೈ ಮಧ್ಯದಲ್ಲಿ ಶುರುವಾಗುವ ತುಳು ತಿಂಗಳು ಆಟಿ ಹುಟ್ಟಿ ನಾಲ್ಕೈದು ದಿನವಾಗಿತ್ತು. ರಾಯರು ಸುರತ್ಕಲ್ ಕಡೆಯಿಂದ ಬಸ್ಸಿನಲ್ಲಿ ಮಂಗಳೂರಿಗೆ ಬಂದು, ನೀರು ಸುರಿಯುವ ಕೊಡೆಯನ್ನು ಬಾಗಿಲ ಹೊರಗಿಟ್ಟು, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿದ್ದ ಒಂದು ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟರು. ವಯಸ್ಸು 63, ಬ್ಯಾಂಕಿನಿಂದ ನಿವೃತ್ತರಾಗಿ ಮೂರು ವರ್ಷ. ಒಂದು ತಿಂಗಳಿನಿಂದ ಸರಿಯಾಗಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಹೆಂಡತಿಯ ಒತ್ತಾಯಕ್ಕೆ ಬಂದಿದ್ದೇನೆ ಎಂದರು. ಕಾರಣ ಕೇಳಿದಾಗ ಪುಸ್ತಕವನ್ನು ನನ್ನ ಕಡೆಗೆ ಸರಿಸಿದರು.

ಗೆರೆ ಎಳೆದು, ಕಾಲಂ ಮಾಡಿ, ತಾರೀಕು ಹಾಕಿದ ಪುಟಗಳು. ಪ್ರತಿ ತಾರೀಕಿನ ಎದುರು ಹೊಲಿಗೆಯ ಬಿಳಿ ನೂಲಿನ ಮೂರು ತುಂಡುಗಳನ್ನು ಟೇಪಿನಿಂದ ಅಂಟಿಸಿದ್ದರು. ಹನ್ನೊಂದು ವರ್ಷದ ಲ್ಯಾಬ್ರಡಾರ್ ಟಾಮಿಗೆ ಜೂನ್ ಕೊನೆಯಲ್ಲಿ ಲಿಂಫೋಮಾ ಎಂದು ಗೊತ್ತಾಗಿತ್ತು. ಅದು ದುಗ್ಧಗ್ರಂಥಿಗಳ ಕ್ಯಾನ್ಸರ್. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮೊಣಕಾಲ ಹಿಂದೆ ಗ್ರಂಥಿಗಳು ಊದಿಕೊಳ್ಳುತ್ತವೆ. ರಾಯರು ದಿನಾ ಬೆಳಿಗ್ಗೆ ಆ ಗಡ್ಡೆಗಳ ಸುತ್ತ ನೂಲು ಹಿಡಿದು, ಅಳತೆಗೆ ಕತ್ತರಿಸಿ, ಅಂಟಿಸುತ್ತಿದ್ದರು. ಪುಟ ತಿರುಗಿಸಿದಂತೆ ನೂಲು ಉದ್ದವಾಗುತ್ತಾ ಹೋಗಿತ್ತು. ಕೊನೆಯ ಪುಟದಲ್ಲಿ ಅದು ಕಾಲಂ ದಾಟಿ ಪಕ್ಕದ ಮನೆಗೆ ನುಗ್ಗಿತ್ತು.

ಇನ್ನು ನನ್ನ ತಪ್ಪಿನ ಕಥೆ. ಈ ವೃತ್ತಿಯಲ್ಲಿರುವವರಿಗೆ ಒಂದು ಚಾಳಿಯಿದೆ: ಹೇಳಿಕೊಂಡ ದುಃಖದ ಹಿಂದೆ ಹೇಳದ ಇನ್ನೊಂದು ದುಃಖ ಇದ್ದೇ ಇರುತ್ತದೆ ಎಂದು ಹುಡುಕುವುದು. ಮಗ ದುಬೈಗೆ ಹೋಗಿ ಎಷ್ಟು ವರ್ಷವಾಯಿತು, ನಿವೃತ್ತಿಯ ನಂತರ ದಿನ ಹೇಗೆ ಕಳೆಯುತ್ತದೆ, ತಾಯಿ ತೀರಿಕೊಂಡದ್ದು ಯಾವಾಗ, ಆಗ ಅತ್ತಿದ್ದಿರಾ ಎಂದೆಲ್ಲ ಮುಕ್ಕಾಲು ಗಂಟೆ ಕೇಳಿದೆ. ಕೆವೈಸಿ ಅರ್ಜಿ ತುಂಬಿಸುವವರ ಶ್ರದ್ಧೆಯಿಂದ ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ಮೇಡಂ, ನೀವು ಟಾಮಿಯ ಹಿಂದೆ ಯಾರನ್ನೋ ಹುಡುಕುತ್ತಿದ್ದೀರಿ. ಅಲ್ಲಿ ಯಾರೂ ಇಲ್ಲ. ಇರುವುದು ಟಾಮಿಯೇ."

ನನಗೆ ನಾಚಿಕೆಯಾಯಿತು. ಮಾವ ತೀರಿಹೋದರೆ ಬಂದವರನ್ನು ನಾನು ಹೀಗೆ ವಿಚಾರಿಸುತ್ತೇನೆಯೇ? ನಾಯಿಗಾಗಿ ಪಡುವ ದುಃಖಕ್ಕೆ ಮನುಷ್ಯರ ಜಾಮೀನು ಬೇಕು ಎಂದು ನಾನೂ ಒಳಗೊಳಗೆ ನಂಬಿದ್ದೆ. ಅವರ ನೆರೆಯವರು "ನಾಯಿ ಅಲ್ಲವೇ ಮಾರಾಯರೇ" ಎಂದು ಹೇಳಿದ್ದಕ್ಕೂ ನನ್ನ ಪ್ರಶ್ನೆಗಳಿಗೂ ವ್ಯತ್ಯಾಸವಿದ್ದದ್ದು ಭಾಷೆಯಲ್ಲಿ ಮಾತ್ರ. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ಶೋಕಕ್ಕೆ ಶೋಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನ್ನೆತ್ ಡೋಕಾ 1989ರಷ್ಟು ಹಿಂದೆಯೇ ಒಂದು ಹೆಸರು ಕೊಟ್ಟಿದ್ದಾರೆ. ನಮ್ಮಲ್ಲಿ ವಿವರಣೆ ಇನ್ನೂ ಸುಲಭ: ನಾಯಿ ಸತ್ತರೆ ಸೂತಕವಿಲ್ಲ, ಹನ್ನೊಂದನೆಯ ದಿನವಿಲ್ಲ, ಮಾತನಾಡಿಸಲು ಮನೆಗೆ ಯಾರೂ ಬರುವುದಿಲ್ಲ. ಮರುದಿನ ಎಲ್ಲರಂತೆ ಕ್ಷೌರ ಮಾಡಿಕೊಂಡು ಹೊರಗೆ ಹೊರಡಬೇಕು.

ಅವರ ಕ್ಷಮೆ ಕೇಳಿ, ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ತೆರೆದೆ.

ರಾಯರ ಮನೆಯಲ್ಲಿ ಆಗ ಇದ್ದ ಜಗಳ ಚಿಕಿತ್ಸೆಯದ್ದು. ಪಶುವೈದ್ಯರು ಎರಡು ದಾರಿ ಹೇಳಿದ್ದರು. ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್ ಮತ್ತು ಪ್ರೆಡ್ನಿಸೋಲೋನ್ ಸೇರಿಸಿ ಕೆಲವು ತಿಂಗಳು ಕೊಡುವ ಕೀಮೋ ಮೊದಲನೆಯದು. ಹೆಚ್ಚಿನ ನಾಯಿಗಳಿಗೆ ಅದರಿಂದ ಗಡ್ಡೆ ಕರಗುತ್ತದೆ, ಆದರೆ ಪೂರ್ತಿ ಗುಣವಾಗುವುದು ಅಪರೂಪ. ಸುಮಾರು ಒಂದು ವರ್ಷದ ಆಯುಷ್ಯ ಸಿಗಬಹುದು. ನಾಯಿಗಳಿಗೆ ಕೊಡುವ ಪ್ರಮಾಣ ಮನುಷ್ಯರಿಗಿಂತ ಮೃದು. ಹೆಚ್ಚಿನ ತಳಿಗಳಲ್ಲಿ ಕೂದಲೂ ಅಷ್ಟಾಗಿ ಉದುರುವುದಿಲ್ಲ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯೊಂದನ್ನೇ ಕೊಡುವುದು ಎರಡನೆಯ ದಾರಿ. ಅದರಿಂದ ಒಂದೆರಡು ತಿಂಗಳು ಹಾಯಾಗಿರಬಹುದು. ಏನೂ ಕೊಡದಿದ್ದರೆ ನಾಲ್ಕಾರು ವಾರ. ಜೊತೆಗೆ ವೈದ್ಯರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: ಮೊದಲು ಮಾತ್ರೆ ಶುರುಮಾಡಿ, ಆಮೇಲೆ ಮನಸ್ಸು ಬದಲಿಸಿ ಕೀಮೋಗೆ ಹೋದರೆ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ನಿರ್ಧಾರ ಬೇಗ ಆಗಬೇಕಿತ್ತು. ಮೂರು ವಾರ ರಾಯರು ನೂಲು ಅಳೆಯುತ್ತಾ ಕುಳಿತಿದ್ದರು. ಅಳೆಯುತ್ತಿರುವಷ್ಟು ದಿನ ನಿರ್ಧರಿಸಬೇಕಾಗಿರಲಿಲ್ಲ.

ಎರಡನೆಯ ಭೇಟಿಗೆ ಪತ್ನಿ ವಸಂತಿಯಮ್ಮನವರನ್ನೂ ಕರೆದುಕೊಂಡು ಬರಲು ಹೇಳಿದೆ. ಖರ್ಚಿನ ಬಗ್ಗೆ ತಕರಾರು ಎತ್ತುತ್ತಾರೆ ಎಂದು ಊಹಿಸಿದ್ದೆ. ಆ ಊಹೆಯೂ ತಪ್ಪಾಯಿತು. "ಇವರು ರಾತ್ರಿ ಜಗಲಿಯಲ್ಲಿ ನಾಯಿಯ ಪಕ್ಕ ಚಾಪೆ ಹಾಕಿಕೊಂಡು ಅದರ ಉಸಿರು ಎಣಿಸುತ್ತಾರೆ. ನನ್ನನ್ನು ಹತ್ತಿರ ಬಿಡುವುದಿಲ್ಲ. ಟಾಮಿ ಇವರೊಬ್ಬರದ್ದೇನು?" ಎಂದರು. ರಾಯರು ತಲೆಯೆತ್ತಿ ಹೆಂಡತಿಯನ್ನು ನೋಡಿದ ರೀತಿ ನನಗಿನ್ನೂ ನೆನಪಿದೆ.

ಮೊಟ್ಟೆಯ ವಿಷಯ ಹೊರಬಿದ್ದದ್ದೂ ಆಗಲೇ. ಅವರದು ಈರುಳ್ಳಿಗೂ ಲೆಕ್ಕ ಇಡುವ ಮಡಿವಂತ ಮನೆ, ಟಾಮಿ ಮೊಸರನ್ನದಲ್ಲೇ ಬೆಳೆದ ನಾಯಿ. ಮೈ ಇಳಿಯುತ್ತಿದೆ, ಬೇಯಿಸಿದ ಮೊಟ್ಟೆ ಕೊಡಿ ಎಂದು ವೈದ್ಯರು ಹೇಳಿದ ಮೇಲೆ ರಾಯರು ಮೂಲೆಯ ಅಂಗಡಿಯಿಂದ ಪೇಪರಿನಲ್ಲಿ ಸುತ್ತಿಸಿಕೊಂಡು, ಕೊಡೆಯ ಮರೆಯಲ್ಲಿ ಮೊಟ್ಟೆ ತರುತ್ತಿದ್ದರು. ಅಡುಗೆಮನೆಗೆ ತರಕೂಡದೆಂದು ಮೊದಲ ದಿನ ವಸಂತಿಯಮ್ಮ ರಂಪ ಮಾಡಿದ್ದರಂತೆ. ನಾಲ್ಕನೆಯ ದಿನದಿಂದ ಅವರೇ ಬಚ್ಚಲ ಒಲೆಯ ಕೆಂಡದ ಮೇಲೆ ಒಂದು ಹಳೆಯ ಅಲ್ಯುಮಿನಿಯಂ ಪಾತ್ರೆ ಇಟ್ಟು ಬೇಯಿಸಿ, ಸಿಪ್ಪೆ ಸುಲಿದು, ಅನ್ನದ ಜೊತೆ ಕಿವುಚಿ ಕೊಡುತ್ತಿದ್ದರು. ಸುಲಿಯುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದರು. ಇದನ್ನು ಹೇಳುವಾಗ ಇಬ್ಬರೂ ನಕ್ಕರು. ನನ್ನ ಕೊಠಡಿಯಲ್ಲಿ ಆ ದಂಪತಿ ನಕ್ಕದ್ದು ಅದೇ ಮೊದಲು.

ಚಿಕಿತ್ಸೆ ಯಾವುದು ಎಂಬುದರಲ್ಲಿ ಸಲಹೆಗಾರರು ಮಾತನಾಡಬಾರದು, ನಾನೂ ಆಡಲಿಲ್ಲ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ಮೂವರೂ ಸೇರಿ ಬರೆದೆವು. ಟಾಮಿಗೆ ಕಾರು ಹತ್ತಿದರೆ ವಾಂತಿ. ಪೂರ್ತಿ ಕೀಮೋ ಮಾಡಿಸುವುದಾದರೆ ಮಳೆಗಾಲವಿಡೀ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಿಬರಬೇಕಿತ್ತು. ಅವರು ಮಾತ್ರೆಯ ದಾರಿ ಹಿಡಿದರು. ಬೇರೆ ಮನೆ, ಬೇರೆ ನಾಯಿಯಾಗಿದ್ದರೆ ಕೀಮೋ ಸರಿಯಾದ ಆಯ್ಕೆಯಾಗುತ್ತಿತ್ತು. ಹಾಗೆ ಮಾಡಿಸಿದವರನ್ನು ಸ್ವಾರ್ಥಿಗಳು ಎಂದೋ, ಮಾಡಿಸದವರನ್ನು ಕಲ್ಲೆದೆಯವರು ಎಂದೋ ಕರೆಯುವುದನ್ನು ನಾನು ಒಪ್ಪುವುದಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಪುಸ್ತಕದ ಬಗ್ಗೆ. ಪುಸ್ತಕ ಬಿಡಿ ಎಂದು ಹೇಳಲಿಲ್ಲ. 35 ವರ್ಷ ಲೆಜರ್ ಬರೆದ ಕೈ ಸುಮ್ಮನಿರುವುದಿಲ್ಲ. ನೂಲು ನಿಲ್ಲಿಸಿ, ಕಾಲಂ ಬದಲಿಸಿ ಎಂದೆ. ಗಡ್ಡೆ ಎಷ್ಟಿದೆ ಎಂಬುದು ರೋಗದ ಲೆಕ್ಕ, ಟಾಮಿ ಹೇಗಿದೆ ಎಂಬುದು ಬೇರೆಯೇ ಲೆಕ್ಕ. ನಾಯಿಯ ಬದುಕಿನ ಗುಣಮಟ್ಟ ಅಳೆಯಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ರೂಪಿಸಿದ ಪಟ್ಟಿಯೊಂದಿದೆ. ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ನಡಿಗೆ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬ ಏಳು ವಿಷಯಗಳಿಗೆ ಹತ್ತರಂತೆ ಅಂಕ, ಒಟ್ಟು 70ರಲ್ಲಿ 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು ಎಂಬ ಲೆಕ್ಕ. ಅದನ್ನು ಕೊಟ್ಟರೆ ರಾಯರು ದಶಾಂಶ ಹಾಕಿ ಬರೆಯುತ್ತಾರೆ ಎಂಬ ಭಯ ನನಗಿತ್ತು. ಆದ್ದರಿಂದ ಟಾಮಿಯದ್ದೇ ಮೂರು ಅಭ್ಯಾಸಗಳನ್ನು ಹೇಳಿ ಎಂದು ಇಬ್ಬರನ್ನೂ ಕೇಳಿದೆ. ಹಾಲಿನವನ ಸ್ಕೂಟರ್ ಸದ್ದಿಗೆ ಎದ್ದು ಗೇಟಿನವರೆಗೆ ಹೋಗುವುದು. ಸಂಜೆ ಬಚ್ಚಲ ಒಲೆಯ ಮುಂದೆ ಬಂದು ಬೀಳುವುದು. ತಟ್ಟೆಯ ಸದ್ದಾದರೆ ತಾನಾಗಿ ಊಟಕ್ಕೆ ಬರುವುದು. ಪ್ರತಿದಿನ ಈ ಮೂರಕ್ಕೆ ಹೌದು ಅಥವಾ ಇಲ್ಲ, ಅಷ್ಟೇ. ಒಂದು ಕಿವಿಮಾತನ್ನೂ ಸೇರಿಸಿದೆ: ಪ್ರೆಡ್ನಿಸೋಲೋನ್ ಹಸಿವನ್ನು ಹೆಚ್ಚಿಸುವ ಮದ್ದು, ಹಾಗಾಗಿ ಊಟದ ಕಾಲಂ ಒಂದನ್ನೇ ನಂಬಬೇಡಿ. ಮೂರರಲ್ಲಿ ಎರಡು 'ಇಲ್ಲ' ಸತತ ಮೂರು ದಿನ ಬಂದರೆ ವೈದ್ಯರಿಗೆ ಫೋನ್. ಉಸಿರಾಟಕ್ಕೆ ಕಷ್ಟಪಟ್ಟರೆ ಮೂರು ದಿನ ಕಾಯಬಾರದು. ಪುಸ್ತಕಕ್ಕೆ ಇಬ್ಬರೂ ದಿನಾ ಸಹಿ ಹಾಕಬೇಕು. "ಜಂಟಿ ಖಾತೆ" ಎಂದರು ರಾಯರು. ಹೌದು, ಒಬ್ಬರ ಸಹಿಗೆ ಚೆಕ್ ಪಾಸಾಗುವುದಿಲ್ಲ ಎಂದೆ. ಅಂತಿಮ ನಿರ್ಧಾರದ ಭಾರ ಆಮೇಲೆ ಒಬ್ಬರ ಎದೆಯ ಮೇಲೆ ಕೂರಬಾರದೆಂಬುದೇ ಇದರ ಹಿಂದಿನ ಯೋಚನೆ.

ಉಳಿದವು ಚಿಕ್ಕ ಸಂಗತಿಗಳು, ಆದರೆ ಮನೆ ನಡೆಯುವುದು ಅವುಗಳಿಂದಲೇ. ಆ ಮಾತ್ರೆಯಿಂದ ನಾಯಿ ತುಂಬಾ ನೀರು ಕುಡಿಯುತ್ತದೆ, ರಾತ್ರಿ ಮತ್ತೆ ಮತ್ತೆ ಹೊರಗೆ ಹೋಗಬೇಕಾಗುತ್ತದೆ. ಬೆಳಗಿನ ಊಟದ ಜೊತೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ ಹಾಗೇ ಮಾಡಿದರು, ರಾತ್ರಿಯನ್ನು ಇಬ್ಬರೂ ಹಂಚಿಕೊಂಡರು. ಮಾತ್ರೆಯನ್ನು ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಮೊಣಕಾಲು ನೋವಿಗೆ ತಾವು ನುಂಗುವ ಮಾತ್ರೆಯನ್ನು ಟಾಮಿಗೂ ಅರ್ಧ ಕೊಡಲೇ ಎಂದು ರಾಯರು ಯೋಚಿಸಿದ್ದರಂತೆ. ಸದ್ಯ, ಕೊಟ್ಟಿರಲಿಲ್ಲ. ನಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗಳಿಗೆ ಅಪಾಯ, ಸ್ಟೀರಾಯ್ಡಿನ ಜೊತೆ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ರಾಯರ ತೂಕ ಐದು ಕಿಲೋ ಇಳಿದಿದ್ದರಿಂದ ಅವರನ್ನೂ ಅವರ ವೈದ್ಯರ ಬಳಿಗೆ ಕಳಿಸಿದೆ. ಬದುಕು ಸಾಕೆನಿಸುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಇಲ್ಲ ಎಂದರು. ಆದರೂ ರಾತ್ರಿ ಹೊತ್ತು ಮಾತನಾಡಬೇಕೆನಿಸಿದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪುಸ್ತಕದ ರಟ್ಟಿನ ಮೇಲೆ ಬರೆಸಿದೆ.

ಮಗಳು ಏಳು ತಿಂಗಳ ಬಸುರಿ, ಆಟಿಯ ನಂತರದ ಸೋಣ ತಿಂಗಳಲ್ಲಿ ಹೆರಿಗೆಗೆ ತವರಿಗೆ ಬರುವವಳಿದ್ದಳು. ಕ್ಯಾನ್ಸರ್ ಬಂದ ನಾಯಿ ಇರುವ ಮನೆಯಲ್ಲಿ ಬಾಣಂತನವೇ ಎಂದು ಬೀಗರ ಕಡೆಯಿಂದ ಗೊಣಗಾಟ ಕೇಳಿಬಂದಿತ್ತು. ಲಿಂಫೋಮಾ ಮನುಷ್ಯರಿಗೆ ಅಂಟುವುದಿಲ್ಲ, ಇನ್ನೊಂದು ನಾಯಿಗೂ ಅಂಟುವುದಿಲ್ಲ. ನಾಯಿಯಿಂದ ನಾಯಿಗೆ ಹರಡುವ ಒಂದು ಗಡ್ಡೆ ಇದೆ, ಬೀದಿನಾಯಿಗಳಲ್ಲಿ ಕಾಣುವಂಥದ್ದು, ಮುಖ್ಯವಾಗಿ ಕೂಡುವಾಗ ಹರಡುತ್ತದೆ. ಅದೇ ಬೇರೆ, ಇದೇ ಬೇರೆ. ಕೀಮೋ ಕೊಡಿಸಿದ್ದರೆ ಮಾತ್ರ ಎಚ್ಚರ ಬೇಕಿತ್ತು. ಆ ಮದ್ದು ಕೆಲವು ದಿನ ಮೂತ್ರ, ಮಲದಲ್ಲಿ ಹೊರಬರುವುದರಿಂದ ಬಸುರಿಯರು ಅದನ್ನು ಮುಟ್ಟಬಾರದು, ಬೇರೆಯವರು ಗವಸು ಹಾಕಿಕೊಂಡೇ ಬಳಿಯಬೇಕು. ಮಗಳಿಗೆ ವಿಷಯ ಮುಚ್ಚಿಡಬೇಡಿ ಎಂದೆ. ಅವಳು ಸೋಣದ ಮೊದಲ ವಾರವೇ ಬಂದಳು.

ನನ್ನ ಒಂದು ಸಲಹೆ ಮಾತ್ರ ಪೂರ್ತಿ ಬಿದ್ದುಹೋಯಿತು. ಮಳೆಗಾಲದಲ್ಲಿ ಮುರಕಲ್ಲಿನ ನೆಲ ಅಗೆಯುವುದು ಕಷ್ಟ, ತೋಟದಲ್ಲಿ ಜಾಗ ನೋಡಿ ಗುಂಡಿಯನ್ನು ಮೊದಲೇ ತೋಡಿಸಿಡಿ ಎಂದಿದ್ದೆ. "ಬದುಕಿರುವಾಗಲೇ ಗುಂಡಿಯೇ? ಅದು ದಿನಾ ಆ ದಾರಿಯಲ್ಲಿ ಓಡಾಡುತ್ತದೆ" ಎಂದು ವಸಂತಿಯಮ್ಮ ಎದ್ದು ನಿಂತರು. ತಕ್ಷಣ ಮಾತು ಹಿಂತೆಗೆದುಕೊಂಡೆ. ತೋಟದ ಕೆಲಸದವರಿಗೆ ಒಂದು ಮಾತು ಹೇಳಿಟ್ಟರೆ ಸಾಕೆಂದಾಯಿತು.

ಮಾತ್ರೆ ಶುರುವಾಗಿ ಏಳು ವಾರ ಪುಸ್ತಕದಲ್ಲಿ ಬಹುತೇಕ ಹೌದು, ಹೌದು. ಎಂಟನೆಯ ವಾರ ಗೇಟಿನ ಕಾಲಂ ಮೊದಲು ಹೋಯಿತು, ಆಮೇಲೆ ಊಟದ್ದು. ಮೂರನೆಯ ದಿನ ಇಬ್ಬರೂ ಸಹಿ ಹಾಕಿ, ವಸಂತಿಯಮ್ಮನವರೇ ವೈದ್ಯರಿಗೆ ಫೋನ್ ಮಾಡಿದರು. ದಯಾಮರಣ ಹೇಗಿರುತ್ತದೆ ಎಂದು ಮೊದಲೇ ಕೇಳಿ ತಿಳಿದಿದ್ದರು: ಮೊದಲು ಮಂಪರಿನ ಚುಚ್ಚುಮದ್ದು, ನಿದ್ದೆ ಹತ್ತಿದ ಮೇಲೆ ಅರಿವಳಿಕೆಯ ಮದ್ದು ಹೆಚ್ಚಿನ ಪ್ರಮಾಣದಲ್ಲಿ. ಕಣ್ಣು ತೆರೆದೇ ಇರಬಹುದು, ಕೊನೆಗೊಮ್ಮೆ ಉಸಿರು ಎಳೆದಂತೆ ಕಾಣಬಹುದು, ಅದು ನೋವಲ್ಲ. ಪಕ್ಕದಲ್ಲಿ ಇರಲೇಬೇಕೆಂಬ ಕಡ್ಡಾಯವಿಲ್ಲ ಎಂದು ನಾನು ರಾಯರಿಗೆ ಹೇಳಿದ್ದೆ. ಮಂಪರು ಹತ್ತುವವರೆಗೆ ಇದ್ದು ಅವರು ಅಂಗಳಕ್ಕೆ ಹೋದರು. ಬಚ್ಚಲ ಒಲೆಯ ಮುಂದೆ ಟಾಮಿಯ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತದ್ದು ವಸಂತಿಯಮ್ಮ.

ಎರಡು ವಾರದ ನಂತರ ರಾಯರು ಒಬ್ಬರೇ ಬಂದರು, ಈ ಸಲ ಪುಸ್ತಕವಿಲ್ಲದೆ. ನಿದ್ದೆ ಬರುತ್ತಿದೆ, ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು ಮಾತ್ರ ಬಿಟ್ಟಿಲ್ಲ ಎಂದರು. ಅಳು ಬಂದಿತ್ತೇ ಎಂದು ಕೇಳಿದೆ. ಮನೆಯಲ್ಲಿ ಬರಲಿಲ್ಲವಂತೆ. ಸಕ್ಕರೆ ತರಲು ಮೂಲೆಯ ಅಂಗಡಿಗೆ ಹೋಗಿದ್ದಾಗ ಅಂಗಡಿಯವರು ಅಭ್ಯಾಸದಂತೆ ಪೇಪರ್ ಹರಿದು, ಆರು ಮೊಟ್ಟೆ ಎಣಿಸಿ ಸುತ್ತತೊಡಗಿದರಂತೆ. ಬೇಡ ಎಂದು ಹೇಳಲು ಹೋದರೆ ರಾಯರಿಗೆ ಗಂಟಲು ಕಟ್ಟಿತು. ಅಂಗಡಿಯವರು ಅವರ ಮುಖ ನೋಡಿ, ಮೊಟ್ಟೆಗಳನ್ನು ಒಂದೊಂದಾಗಿ ಟ್ರೇಗೆ ವಾಪಸಿಟ್ಟು, ಗಲ್ಲಾಪೆಟ್ಟಿಗೆಯ ಪಕ್ಕದ ತಮ್ಮ ಸ್ಟೂಲನ್ನು ಹೊರಗೆ ತಂದು ಹಾಕಿದರು. ಹಿಂದೆ ನಿಂತಿದ್ದ ಗಿರಾಕಿಗಳಿಗೆ "ರಾಯರ ನಾಯಿ ತೀರಿಹೋಯಿತು, ಸ್ವಲ್ಪ ಕಾಯಿರಿ" ಎಂದರಂತೆ.